ನಿಯಾಜನ ಊಟದ ಖರ್ಚು

ಕೋರ್ಟಿನಲ್ಲಿ ಗೆದ್ದ ದಿನ ಸರ್ದಾರಬಿ ಸಿಂಧನೂರಿನ ಬಸ್ ನಿಲ್ದಾಣದ ಬಳಿ ಕಾಲು ಕಿಲೋ ಪೇಡೆ ಕೊಂಡು ಮನೆಗೆ ಬಂದಿದ್ದಳು. ನಿಯಾಜ್ ಅವಳ ರೊಟ್ಟಿಯ ಬಾಕಿಯನ್ನು ಬಡ್ಡಿ ಸಮೇತ ಎರಡು ಲಕ್ಷದ ಮೇಲೆ ಕೊಡಬೇಕೆಂದು ತೀರ್ಪಾಗಿತ್ತು. ಇನ್ನೇನು, ವಾರದೊಳಗೆ ಹಣ ಕೈಗೆ ಬಂದಂತೆಯೇ ಎಂದು ಅವಳು ನಂಬಿದ್ದಳು. ಪೇಡೆ ತಿಂದ ಕೆಲಸದ ಜೊತೆಗಾತಿಯರು ಗದ್ದೆಮ್ಮ, ಜೈನಾಬೀ ಕೂಡ ನಂಬಿದ್ದರು. ವರ್ಷ ಕಳೆಯಿತು. ನಿಯಾಜ್ ಒಂದು ರೂಪಾಯಿ ಬಿಚ್ಚಲಿಲ್ಲ.

ಸರ್ದಾರಬಿಯ ತವರು ಸಂತೆಕಲ್ಲೂರು, ಜೋಳದ ಸೀಮೆ. ಮದುವೆಯಾಗಿ ಬಂದದ್ದು ಸಿಂಧನೂರಿನ ನೆಲ್ಲಿನ ಸೀಮೆಗೆ. ಗಂಡ ಜಿಲಾನಿಸಾಬ್ ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಚೀಲದ ಅಟ್ಟಿ ಜಾರಿ ಸೊಂಟದ ಮೇಲೆ ಬಿದ್ದಾಗಿನಿಂದ ಅವನಿಗೆ ಭಾರ ಎತ್ತಲಾಗದು. ಆಗ ಅವಳು ಹಿತ್ತಲಲ್ಲಿ ಒಲೆ ಹೂಡಿ ಖಡಕ್ ರೊಟ್ಟಿ ಮಾರಲು ಶುರುಮಾಡಿದಳು. ಕೆಲಸ ಹೆಚ್ಚಿದಂತೆ ಓಣಿಯ ಜೈನಾಬೀ, ಗದ್ದೆಮ್ಮ ಜೊತೆಗೂಡಿದರು. ಮದುವೆಗಳ ಅಡುಗೆ ಗುತ್ತಿಗೆ ಹಿಡಿಯುತ್ತಿದ್ದ ನಿಯಾಜ್ ಅವರ ದೊಡ್ಡ ಗಿರಾಕಿಯಾದ. "ಖಾಲಾ, ನಿಮ್ಮ ರೊಟ್ಟಿ ನೋಡೇ ಮಂದಿ ನನಗ ಆರ್ಡರ್ ಕೊಡ್ತಾರ" ಎಂದು ಸ್ವಂತ ಚಿಕ್ಕಮ್ಮನಂತೆ ಮಾತಾಡಿಸುತ್ತಿದ್ದ. ಮುಂದಿನ ಮದುವೆಗೆ ಲೆಕ್ಕ ಮಾಡೋಣ, ಅದರ ಮುಂದಿನದಕ್ಕೆ ಮಾಡೋಣ ಎನ್ನುತ್ತಾ ಎರಡು ಮದುವೆ ಹಂಗಾಮು ಕಳೆದ. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಜೋಳ ಸರ್ದಾರಬಿ ಉದ್ರಿ ತಂದದ್ದು. ಇಬ್ಬರು ಹೆಂಗಸರ ಕೂಲಿಯೂ ಅವಳ ತಲೆಯ ಮೇಲೆಯೇ ಇತ್ತು. ಗದ್ದೆಮ್ಮ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಕೇಳದಿದ್ದುದೇ ಸರ್ದಾರಬಿಗೆ ಹೆಚ್ಚು ಹಿಂಸೆಯಾಗುತ್ತಿತ್ತು.

"ತೀರ್ಪು ಬ್ಯಾರೆ, ವಸೂಲಿ ಬ್ಯಾರೆ ಅಮ್ಮ. ಈಗ ತೀರ್ಪು ಅಮಲಿಗೆ ತರ್ರಿ ಅಂತ ಮತ್ತೊಂದು ಅರ್ಜಿ ಹಾಕಬೇಕು," ಎಂದರು ವಕೀಲೆ ನಂದಿನಿ. ಸರ್ದಾರಬಿ ಮುಗಿಯಿತೆಂದುಕೊಂಡದ್ದು ಈಗ ಶುರುವಾಗುತ್ತಿತ್ತು.

ಅಡುಗೆ ಪಾತ್ರೆಗಳನ್ನು ಜಪ್ತಿ ಮಾಡಲು ಕೋರ್ಟಿನ ಅಮೀನರು ಹೋದಾಗ ನಿಯಾಜನ ಮನೆಗೆ ಬೀಗವಿತ್ತು. ಪಾತ್ರೆ, ಒಲೆ, ಮಂದಿ ಎಲ್ಲ ಲಿಂಗಸುಗೂರಿಗೆ ಹೋಗಿಯಾಗಿತ್ತು. ಕಾಗದಪತ್ರಗಳೂ ಅಲ್ಲಿನ ಕೋರ್ಟಿಗೆ ವರ್ಗವಾದವು. ಸರ್ದಾರಬಿ ಪ್ರತಿ ತಾರೀಖಿಗೂ ಬೆಳಗಿನ ರೊಟ್ಟಿ ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದಳು. ನಿಯಾಜ್ ಕೈಮುಗಿದು ನಿಂತು, "ಧಂಧೆ ಬಿಟ್ಟೀನ್ರಿ ಸಾಹೇಬ್ರ. ನನ್ನ ಕಡಿ ಏನೂ ಇಲ್ಲ" ಎನ್ನುತ್ತಿದ್ದ. ಹೊರಗೆ ಬಂದೊಡನೆ ಅವಳ ಮುಂದೆಯೇ ಬೈಕ್ ಹತ್ತಿ ಹೋಗುತ್ತಿದ್ದ. ಆ ಬೈಕೂ ಹೆಂಡತಿಯ ಹೆಸರಿನಲ್ಲಿತ್ತು.

ಒಂದು ತಾರೀಖು ಮುಗಿಸಿ ಬರುವಾಗ ಮಸ್ಕಿಯಲ್ಲಿ ಬಸ್ಸು ನಿಂತಿತು. ರಸ್ತೆಯ ಪಕ್ಕದ ಶಾದಿಮಹಲಿನಿಂದ ಬಿರಿಯಾನಿಯ ವಾಸನೆ ಬಂತು. ಕಿಟಕಿಯಿಂದ ನೋಡಿದರೆ ದೊಡ್ಡ ಹಂಡೆಗಳ ನಡುವೆ ನಿಂತು ಬಡಿಸುವವರ ಮೇಲೆ ರೇಗುತ್ತಿದ್ದವನು ನಿಯಾಜ್! ಧಂಧೆ ಬಿಟ್ಟ ನಿಯಾಜ್!

ಅವಳು ಇಳಿದುಬಿಟ್ಟಳು. ಶಾದಿಮಹಲಿನ ಬಾಗಿಲ ತನಕ ಹೋಗಿ ನಿಂತಳು. ಪರರ ಮದುವೆಯಲ್ಲಿ ಜಗಳ ತೆಗೆಯುವ ಹೆಂಗಸು ತಾನಲ್ಲ. ಊಟ ಮುಗಿದು ನಿಯಾಜ್ ಹೋಗುವವರೆಗೆ ಎದುರಿನ ಅಂಗಡಿ ಕಟ್ಟೆಯ ಮೇಲೆ ಕುಳಿತಿದ್ದು, ಆಮೇಲೆ ಮದುವೆಮನೆಯ ಹಿರಿಯ ಮಸ್ತಾನಸಾಬರ ಬಳಿ ಹೋಗಿ ಎಲ್ಲವನ್ನೂ ಹೇಳಿದಳು.

ಮಸ್ತಾನಸಾಬರು ಜೇಬಿನಿಂದ ಫೋನ್ ತೆಗೆದರು. "ನಾ ಅವಗ ಪೂರಾ ರೊಕ್ಕ ಕೊಟ್ಟೀನಿ. ಫೋನ್‌ನ್ಯಾಗ ಹಾಕೀನಿ, ಅದರದ್ದು ಪುರಾವೆ ಐತಿ," ಎಂದರು. "ಕೋರ್ಟಿಗೆ ಬಾ ಅಂದ್ರ ಬರ್ತೀನಮ್ಮ. ನಮ್ಮ ಮಗಳ ಮದುವಿ ಊಟದಾಗ ನಿಮ್ಮ ಕಣ್ಣೀರು ಬ್ಯಾಡ."

ಅವರ ಸಾಕ್ಷಿಯ ಮೇಲೆ, ಹಣವಿದ್ದೂ ಕೊಡುತ್ತಿಲ್ಲವೆಂದು ಕೋರ್ಟು ನಿಯಾಜನ ದಸ್ತಗಿರಿಗೆ ವಾರಂಟ್ ಹೊರಡಿಸಿತು. ಸರ್ದಾರಬಿಗೆ ಸಂತೋಷವಾಗಬೇಕಿತ್ತು. ಆದರೆ ನಂದಿನಿ ಎರಡು ಮಾತು ಹೇಳಿದರು. ಹಣ ಕಟ್ಟದಿದ್ದರೆ ಅವನನ್ನು ಹೆಚ್ಚೆಂದರೆ ಮೂರು ತಿಂಗಳು ಜೈಲಿನಲ್ಲಿಡಬಹುದು. ಬಿಡುಗಡೆಯಾದರೆ ಸಾಲ ಹಾಗೆಯೇ ಉಳಿಯುತ್ತದೆ, ಆದರೆ ಇದೇ ತೀರ್ಪಿನ ಮೇಲೆ ಮತ್ತೆ ಹಿಡಿಸಲು ಬರುವುದಿಲ್ಲ. ಇನ್ನೊಂದು, ಅಷ್ಟು ದಿನ ಅವನ ಊಟದ ಖರ್ಚನ್ನು ಇವಳೇ ಕೋರ್ಟಿಗೆ ಕಟ್ಟಬೇಕು.

"ನಮ್ಮ ರೊಕ್ಕ ತಿಂದವಗ ಮತ್ತ ನಾವ ಊಟ ಹಾಕಬೇಕಾ? ಇದ್ಯಾವ ನ್ಯಾಯ ಬೇ!" ಎಂದು ಗದ್ದೆಮ್ಮ ಒಲೆಯ ಮುಂದೆಯೇ ಕೂಗಾಡಿದಳು. ಮರುದಿನ ತಾನೇ ಸೀರೆಯ ಸೆರಗಿನ ಗಂಟು ಬಿಚ್ಚಿ ಕೂಡಿಟ್ಟ ಹಣ ಕೊಟ್ಟಳು. ಜೈನಾಬೀ ಕಿವಿಯೋಲೆ ಅಡವಿಟ್ಟಳು. ಸರ್ದಾರಬಿಯ ಭಯ ಇಮ್ಮಡಿಯಾಯಿತು. ಈ ದುಡ್ಡೂ ಮುಳುಗಿದರೆ?

ವಾರಂಟ್ ಹಿಡಿದ ಅಮೀನ್ ಪಂಪಾಪತಿಯವರಿಗೆ ನಿಯಾಜನನ್ನು ತೋರಿಸಿಕೊಡಲು ಅವಳೇ ಹೋಗಬೇಕಾಯಿತು. ಲಿಂಗಸುಗೂರಿನ ಆ ಮನೆಯ ಬಾಗಿಲು ತೆರೆದವಳು ಅವನ ಹೆಂಡತಿ ಕಹಕಶಾ.

"ಅವ್ರು ಮನ್ಯಾಗಿಲ್ರಿ. ರಾಯಚೂರಿಗೆ ಹೋಗ್ಯಾರ."

ಪಂಪಾಪತಿ ಹಿಂದಿರುಗಲು ಅಣಿಯಾದರು. ಸರ್ದಾರಬಿ ಅವರನ್ನು ತಡೆದಳು. "ಸಾಹೇಬ್ರ, ನಿಮ್ಮ ಫೋನಿಂದ ಒಂದ್ಸಲ ಹಚ್ಚಿ ನೋಡ್ರಿ. ನನ್ನ ನಂಬರ್ ಅವ ಬ್ಲಾಕ್ ಮಾಡ್ಯಾನ," ಎಂದಳು. ಅವರು ಹಚ್ಚಿದರು. ಒಳಕೋಣೆಯಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಕಹಕಶಾ ತಲೆ ತಗ್ಗಿಸಿದಳು. ಸ್ವಲ್ಪ ಹೊತ್ತಿಗೆ ನಿಯಾಜ್ ಲುಂಗಿ ಬಿಗಿದುಕೊಳ್ಳುತ್ತಾ ತಾನೇ ಹೊರಬಂದ.

"ನಡೀರಿ ಖಾಲಾ. ಒಳಗ ಆರಾಮ ಕುಂತು ಬರ್ತೀನಿ. ಆಮ್ಯಾಲ ನೀವು ಏನ್ ಮಾಡ್ತೀರಿ?" ಎಂದ. ಅವನ ವಕೀಲರೂ ಅವನಿಗೆ ಎಲ್ಲ ಹೇಳಿಕೊಟ್ಟಿದ್ದರು.

"ನಿಮಗೂ ಮನಿ ಮಕ್ಕಳು ಅದಾವಲ್ರೀ" ಎಂದು ಕಹಕಶಾ ಅತ್ತಳು. ಸರ್ದಾರಬಿ ಅಮೀನರ ಹಿಂದೆ ನಡೆದಳು. ಜೀಪಿನಲ್ಲಿ ಕೂತ ಮೇಲೂ ಆ ಅಳು ಕಿವಿಯಲ್ಲೇ ಇತ್ತು.

ಕೋರ್ಟಿನಲ್ಲಿ ನ್ಯಾಯಾಧೀಶರು ಹಣ ಕಟ್ಟುತ್ತೀರಾ ಎಂದು ನಿಯಾಜನನ್ನು ಕೇಳಿದರು. ಅವನ ಕಡೆ ಏನೂ ಇರಲಿಲ್ಲ, ಎಂದಿನಂತೆ. ಆಮೇಲೆ ಇವಳತ್ತ ನೋಡಿ, "ಇವರ ಊಟದ ಖರ್ಚು ಕಟ್ಟುತ್ತೀರಾ?" ಎಂದರು. ನಿಯಾಜ್ ತಿರುಗಿ ನೋಡಿದ. ತುಟಿಯಂಚಿನಲ್ಲಿ ನಗುವಿತ್ತು, ಉದ್ರಿ ಜೋಳ ತರುವವಳು ಎಲ್ಲಿಂದ ತಂದಾಳು ಎಂಬ ನಗು.

"ಕಟ್ಟತೀನ್ರಿ," ಎಂದಳು ಸರ್ದಾರಬಿ. ಬುರ್ಖಾದ ಒಳಗಿನಿಂದ ಹಣ ತೆಗೆದು ಗುಮಾಸ್ತರ ಮುಂದಿಟ್ಟಳು. ಒಂದೊಂದೇ ನೋಟು ಎಣಿಸಿದಳು.

ಗುಮಾಸ್ತರು ರಸೀದಿ ಬರೆಯತೊಡಗಿದರು. ಪೊಲೀಸಪ್ಪ ಪಕ್ಕಕ್ಕೆ ಬಂದು ನಿಂತ. ಆಗ ನಿಯಾಜನ ನಗು ಇಳಿಯಿತು. ಒಂದು ಫೋನ್ ಮಾಡುತ್ತೇನೆ ಎಂದು ಬೇಡಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಅವನ ಭಾವಮೈದುನ ಶಾಕೀರ್ ಒಂದು ಲಕ್ಷ ತಂದ. ಜೊತೆಗೆ ಕಹಕಶಾಳೂ ಬಂದಳು. ಉಳಿದದ್ದನ್ನು ಕಂತಿನಲ್ಲಿ ಕಟ್ಟುತ್ತೇನೆ ಎಂದ ನಿಯಾಜ್. "ಒಪ್ಪಿಗೇನಾ ಅಮ್ಮ?" ಎಂದು ನಂದಿನಿ ಕೇಳಿದರು. ಒಪ್ಪದಿದ್ದರೆ ಅವನು ಒಳಗೆ ಹೋಗುತ್ತಾನೆ, ಮತ್ತೆ ಸಿಗುವುದಿಲ್ಲ. ಒಪ್ಪಿದರೆ, ಅವನ ಮಾತನ್ನು ಅವಳು ಎರಡು ಹಂಗಾಮು ಕೇಳಿದವಳು.

"ಕಂತಿಗೆ ಒಪ್ಪತೀನಿ," ಎಂದಳು ಕೊನೆಗೆ. "ಆದ್ರ ಶಾಕೀರ್ ಭಾಯ್ ಜಾಮೀನು ನಿಂದ್ರಬೇಕು. ಅವ ಕೊಡಲಿಲ್ಲಂದ್ರ ಇವ್ರು ಕೊಡಬೇಕು."

ಶಾಕೀರ್ ಹಿಂದೆಮುಂದೆ ನೋಡಿದ. ಅಕ್ಕ ಕಹಕಶಾಳ ಮುಖ ನೋಡಿದ. ಬೈಯುತ್ತಲೇ ಸಹಿ ಮಾಡಿದ.

ಆ ಒಂದು ಲಕ್ಷದಲ್ಲಿ ಮೊದಲು ಜೈನಾಬೀಯ ಓಲೆ ಬಿಡಿಸಿದರು. ಗದ್ದೆಮ್ಮ ಕೊಟ್ಟ ಹಣ, ಇಬ್ಬರ ಕೂಲಿ, ಜೋಳದ ಅಂಗಡಿಯ ಬಾಕಿ ತೀರಿದವು. ಕೋರ್ಟಿಗೆ ಕಟ್ಟಿದ ಊಟದ ಖರ್ಚೂ ಅಲೆದಾಡಿದ ಮೇಲೆ ವಾಪಸಾಯಿತು. ಕಂತುಗಳು ಸಲೀಸಾಗಿ ಬರಲಿಲ್ಲ. ನಿಯಾಜ್ ಎರಡು ಕೊಟ್ಟು ಸುಮ್ಮನಾದ. ಸರ್ದಾರಬಿ ಊಟ ಬಿಟ್ಟಳು. ಮತ್ತೆ ಬಸ್ಸು, ಮತ್ತೆ ತಾರೀಖು ಎಂದು ಕನವರಿಸಿದಳು. ಆದರೆ ನಂದಿನಿ ನೋಟಿಸು ಕಳಿಸಿದ ಮೇಲೆ ಶಾಕೀರನೇ ಬಂದು, ಹೊಸಿಲ ಆಚೆ ನಿಂತೇ ಉಳಿದ ಹಣ ಎಣಿಸಿಕೊಟ್ಟು ಹೋದ. ಕೂತುಕೋ ಎಂದರೂ ಕೂರಲಿಲ್ಲ, ಚಹಾ ಕುಡಿಯಲಿಲ್ಲ.

ಮುಂದಿನ ತಿಂಗಳು ಕಂತಿನ ದಿನ ಬಂದಾಗ ಸರ್ದಾರಬಿ ಬೆಳಿಗ್ಗೆಯಿಂದ ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದಳು.

"ಎಲ್ಲಾ ಮುಗದೈತಲ್ಲ. ಯಾರ ದಾರಿ ಕಾಯಾಕತ್ತೀ?" ಎಂದ ಜಿಲಾನಿಸಾಬ್.

ಮುಗಿದಿದೆ ಎಂಬುದು ಅವಳ ತಲೆಗೆ ಗೊತ್ತಿತ್ತು, ಎದೆಗೆ ಇನ್ನೂ ಗೊತ್ತಾಗಿರಲಿಲ್ಲ. ಹೋಗಿ ಹಿಟ್ಟು ನಾದತೊಡಗಿದಳು.