ಆಳುದ್ದದ ಮೇಣದಬತ್ತಿ

ಮೊನ್ನೆ ಹಿಮ್ಮಡಿ ಒಡೆದು ನಡೆಯಲಾಗದೆ ಕೂತಿದ್ದಾಗ ಮೊಮ್ಮಗಳು ಎಲ್ಲಿಂದಲೋ ಒಂದು ತುಂಡು ಜೇನುಮೇಣ ತಂದಳು. ಸೌಟಿನಲ್ಲಿ ತೆಂಗಿನೆಣ್ಣೆ ಬಿಸಿ ಮಾಡಿ, ಮೇಣವನ್ನು ಅದರಲ್ಲಿ ಕರಗಿಸಿ, ಆರುವ ಮೊದಲೇ ನನ್ನ ಕಾಲಿಗೆ ಹಚ್ಚಲು ಕೂತಳು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಕಾಲಿನ ನೋವು ಮರೆತುಹೋಯಿತು. ಹೊಗೆ, ಬೆಲ್ಲ, ಬಾಡಿದ ಹೂವು... ಇನ್ನೂ ಏನೋ ಒಂದು. ನೆಲ್ಯಾಡಿಯ ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಒಂದು ಕಾಲದಲ್ಲಿ ಈ ವಾಸನೆ ಎಷ್ಟು ದಿನ ತುಂಬಿತ್ತೆಂದರೆ, ಚಾ ಕುಡಿಯಲು ಬಂದವರು ಲೋಟವನ್ನು ಮೂಸಿ ನೋಡುತ್ತಿದ್ದರು. ಅದಕ್ಕೆ ಕಾರಣ ಚೇಡತ್ತಿ.

ಚೇಡತ್ತಿ ಎಂಬುದು ಹೆಸರಲ್ಲ. ತಿರುವಾಂಕೂರಿನ ಕಡೆಯ ಕ್ರಿಸ್ತುವರು ತಮಗಿಂತ ದೊಡ್ಡ ಹೆಂಗಸನ್ನು ಹಾಗೆ ಕರೆಯುವುದು. ನಾನು ಮರ್ಕಂಜದಿಂದ ಮದುವೆಯಾಗಿ ನೆಲ್ಯಾಡಿಗೆ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ಮಾರ್ಗದ ಬದಿಯಲ್ಲಿ ನನ್ನ ಗಂಡನ ಚಾ ಹೋಟೆಲು, ಅದರ ಹಿಂದೆ ನಮ್ಮ ವಾಸ. ಗುಂಡ್ಯದ ಕಾಡಿನಿಂದ ಮರ ತುಂಬಿಕೊಂಡು ಬರುವ ಲಾರಿಯವರೇ ನಮ್ಮ ಗಿರಾಕಿಗಳು. ಆಗಷ್ಟೇ ತಿರುವಾಂಕೂರಿನಿಂದ ಸಂಸಾರಗಳು ಬಂದು, ಗುಡ್ಡ ಕಡಿದು, ಮರಗೆಣಸು ಊರಿ, ರಬ್ಬರಿನ ಸಸಿ ನೆಡಲು ಸುರು ಮಾಡಿದ್ದವು. ಅವರ ಪೈಕಿ ನಮಗೆ ಹತ್ತಿರದ ಗುಡಿಸಲು ಚೇಡತ್ತಿಯದ್ದು. ಊರವರು ಅವರೊಡನೆ ಹೆಚ್ಚು ಬೆರೆಯುತ್ತಿರಲಿಲ್ಲ. ನನ್ನ ಅತ್ತೆಯೂ ಅಷ್ಟೆ. ಚೇಡತ್ತಿ ಬೆಂಕಿ ಕೇಳಲು ಬಂದರೆ ಹಿತ್ತಲಲ್ಲೇ ನಿಲ್ಲಬೇಕಿತ್ತು. ನಾನು ಕೆಂಡವನ್ನು ಗೆರಟೆಯಲ್ಲಿ ತಂದು ಕೊಡುತ್ತಿದ್ದೆ. ಅವರ ಕನ್ನಡ ಅರ್ಧ ಮಲಯಾಳ, ನನ್ನ ಕನ್ನಡ ಅರ್ಧ ನಮ್ಮ ಮನೆಮಾತಾದ ಅರೆಭಾಷೆ. ಎರಡೂ ಸಾಲದಾದಾಗ ತುಳು, ಅದೂ ಸಾಲದಾದಾಗ ನಗು. ಹಾಗೆಯೇ ನಮಗೆ ಬಳಕೆಯಾದದ್ದು.

ಒಂದು ವರ್ಷ ಮಳೆ ಬಿಟ್ಟ ಮೇಲೆ ಆ ಗುಡಿಸಲುಗಳಿಗೆ ಚಳಿಜ್ವರ ಹೊಕ್ಕಿತು. ಕಾಡಿನ ಅಂಚಿನ ಮನೆಗಳಲ್ಲಿ ಗಟ್ಟಿಮುಟ್ಟಾದ ಗಂಡಸರೇ ಹೋಗಿಬಿಟ್ಟರು. ಆಮೇಲೆ ಚೇಡತ್ತಿಯ ಗಂಡ ಮಲಗಿದರು. ತುಂಬ ಎತ್ತರದ ಮನುಷ್ಯ, ಮಾತು ಕಡಿಮೆ. ಗಂಜಿ ಕೊಡಲು ಹೋದ ದಿನ ನಾನು ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರು ಚಾಪೆಯ ಮೇಲೆ ನಡುಗುತ್ತಾ ಮಲಗಿದ್ದರು. ಚೇಡತ್ತಿ ಮೊಣಕಾಲೂರಿ, ಹತ್ತಿಯ ನೂಲನ್ನು ಅವರ ತಲೆಯಿಂದ ಹಿಮ್ಮಡಿಯವರೆಗೆ ಹಿಡಿದು ಅಳೆಯುತ್ತಿದ್ದರು. ಗಂಡ ಕಣ್ಣು ತೆರೆದು, "ಪೆಟ್ಟಿಗೆಗಾ?" ಎಂದು ಕೇಳಿದರು. ಶವದ ಪೆಟ್ಟಿಗೆಗೆ ಅಳತೆಯೋ ಎಂದು ಅವರ ಪ್ರಶ್ನೆ.

"ಅಲ್ಲ, ಮೇಣದಬತ್ತಿಗೆ" ಎಂದರು ಚೇಡತ್ತಿ.

ಹೊರಗೆ ಬಂದ ಮೇಲೆ ನನಗೆ ವಿಷಯ ಹೇಳಿದರು. ಗಂಡ ಎದ್ದರೆ ಅವರ ಎತ್ತರದಷ್ಟೇ ಉದ್ದದ ಮೇಣದಬತ್ತಿಯನ್ನು ಇಗರ್ಜಿಯಲ್ಲಿ ಹಚ್ಚುತ್ತೇನೆಂದು ಹರಕೆ ಹೊತ್ತಿದ್ದರು. ಅವರ ಊರಿನಲ್ಲಿ ಅಂಥ ಹರಕೆ ರೂಢಿಯಂತೆ. ನನ್ನ ಗಂಡ ಲಾರಿಯವರ ಕೈಯಲ್ಲಿ ಪುತ್ತೂರಿನಿಂದ ಕ್ವಿನೈನ್ ಗುಳಿಗೆ ತರಿಸಿಕೊಟ್ಟಿದ್ದರು. ಕೆಲವು ದಿನಗಳಲ್ಲಿ ಜ್ವರ ಇಳಿಯಿತು, ಚೇಡತ್ತಿಯ ಗಂಡ ಎದ್ದು ಕೂತರು. ಈಗ ಹರಕೆ ತೀರಿಸಬೇಕು. ಪುತ್ತೂರಿನ ಅಂಗಡಿಗಳಲ್ಲಿ ಸಿಗುವ ಮೇಣದಬತ್ತಿ ಬೆರಳಿನಷ್ಟುದ್ದ. ಆಳುದ್ದದ್ದನ್ನು ಮನೆಯಲ್ಲೇ ಮಾಡಬೇಕು.

ಮೇಣಕ್ಕೆ ನನ್ನ ತವರು ಇತ್ತು. ಅಪ್ಪ ಜೇನು ಸಾಕುತ್ತಿದ್ದರು. ಜೇನು ಹಿಂಡಿ ಉಳಿದ ಎರಿಯನ್ನು ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ ಮೇಣದ ಉಂಡೆ ಮಾಡುವುದು ನನಗೆ ಎಳವೆಯಿಂದಲೇ ಗೊತ್ತು. ಹೇಳಿ ಕಳಿಸಿದೆ, ಅಪ್ಪ ದೊಡ್ಡ ಎರಡು ಉಂಡೆ ಕಳಿಸಿದರು. ಆದರೆ ಮೇಣದಬತ್ತಿ ಮಾಡಿ ನನಗೆ ಗೊತ್ತಿಲ್ಲ. ಚೇಡತ್ತಿ ಊರಿನಲ್ಲಿ ಸಣ್ಣವರಿದ್ದಾಗ ಮಾಡುವುದನ್ನು ನೋಡಿದ್ದರು, ಅಷ್ಟೆ. ಒಬ್ಬಳಿಗೆ ಮೇಣ ಗೊತ್ತು, ಇನ್ನೊಬ್ಬಳಿಗೆ ಮೇಣದಬತ್ತಿ ಹೇಗಿರಬೇಕೆಂಬುದು ಗೊತ್ತು. ಇಬ್ಬರಿಗೂ ಧೈರ್ಯವೇನೋ ಬೇಕಾದಷ್ಟಿತ್ತು.

ನಮ್ಮ ಹಿತ್ತಲಲ್ಲೇ ಬಿದಿರನ್ನು ಉದ್ದಕ್ಕೆ ಸೀಳಿ, ಗಂಟು ಕೆತ್ತಿ ತೆಗೆದು, ಎರಡು ಹೋಳನ್ನು ಮತ್ತೆ ಜೋಡಿಸಿ ಕಟ್ಟಿದೆವು. ನಡುವೆ ಅದೇ ಅಳತೆಯ ನೂಲು ಬಿಟ್ಟು ಮೇಣ ಹೊಯ್ದೆವು. ಅರ್ಧ ಮೇಣ ಸಂದಿಯಿಂದ ಸೋರಿ ನೆಲಕ್ಕೆ ಹೋಯಿತು. ಉಳಿದದ್ದು ಬಿದಿರಿಗೆ ಹಿಡಿದುಕೊಂಡು, ಬಿಡಿಸುವಾಗ ತುಂಡು ತುಂಡಾಯಿತು. ಮರುದಿನ ಸಂದಿಗೆ ಮಣ್ಣು ಮೆತ್ತಿ, ಒಳಗೆ ಎಣ್ಣೆ ಸವರಿದೆವು. ಈ ಸಲ ಇಡಿಯಾಗಿ ಬಂತು. ಆದರೆ ಬೇಗ ಆರಲಿ ಎಂದು ನಾನು ತೋಡಿನ ತಣ್ಣೀರು ಸುರಿದಿದ್ದೆ, ಮೈಯಿಡೀ ಬಿರುಕು. ನೀರು ಹಾಕದೆ ಬಿಟ್ಟ ದಿನ ಬಿರುಕಿಲ್ಲ, ಆದರೆ ಆರುತ್ತಾ ಆರುತ್ತಾ ಮೇಣ ಕುಗ್ಗಿ, ನಡುವೆ ಉದ್ದಕ್ಕೂ ಪೊಳ್ಳಾಗಿತ್ತು. ಎತ್ತಿದರೆ ಸೊಂಟ ಮುರಿದ ಹಾಗೆ ಮುರಿಯಿತು.

ತುಂಡುಗಳನ್ನು ಉರಿಸಿ ನೋಡಿದರೆ ಅದೂ ಸರಿಯಿಲ್ಲ. ಚಟಪಟ ಸಿಡಿಯುತ್ತದೆ, ಆಮೇಲೆ ಕರಗಿದ ಮೇಣದಲ್ಲೇ ಬತ್ತಿ ಮುಳುಗಿ ನಂದುತ್ತದೆ. ಸಿಡಿಯುವುದು ಏಕೆಂದು ನನಗೆ ಹೊಳೆಯಿತು: ಮೇಣದಲ್ಲಿ ನೀರಿನ ಪಸೆ ಉಳಿದಿದೆ. ಮತ್ತೆ ಕರಗಿಸಿ, ಅಲುಗಾಡಿಸದೆ ಹೆಪ್ಪುಗಟ್ಟಲು ಬಿಟ್ಟು, ಅಡಿಯಲ್ಲಿ ನಿಂತ ಕೊಳೆಯನ್ನು ನೀರಿನ ಸಮೇತ ಕೆರೆದು ತೆಗೆದೆ. ಮುಳುಗುವುದು ಬತ್ತಿ ಸಪೂರವಾದ್ದರಿಂದ ಎಂದು ಚೇಡತ್ತಿ ಹೇಳಿದರು. ಅದೇ ಅಳತೆಯ ನೂಲಿಗೆ ಇನ್ನಷ್ಟು ನೂಲು ಸೇರಿಸಿ ಹೆಣೆದರು. ದಪ್ಪ ಮಾಡಿದರೆ ಹೊಗೆ, ಸಪೂರ ಮಾಡಿದರೆ ಮುಳುಗು. ಹೆಣೆದು, ಬಿಚ್ಚಿ, ಮತ್ತೆ ಹೆಣೆದು... ಒಂದು ಮಧ್ಯಾಹ್ನ ಬೇಸತ್ತು ಅವರು, ಮಗಳನ್ನು ಕರೆಯುವ ಹಾಗೆ, "ಮೋಳೇ, ನಾನು ಮಂಡಿಯುದ್ದಕ್ಕೆ ಹೇಳಿಕೊಂಡಿದ್ದರೆ ಸಾಕಿತ್ತು" ಎಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮೇಣದ ಒಂದು ಒಳ್ಳೆಯ ಗುಣವೆಂದರೆ ಎಷ್ಟು ಸಲ ಹಾಳಾದರೂ ಕರಗಿಸಿ ಮತ್ತೆ ಸುರು ಮಾಡಬಹುದು.

ಹಾಗೆ ನಗುತ್ತಾ ಇರುವಾಗಲೇ ಅವರ ಗಂಡನಿಗೆ ಜ್ವರ ಮರುಕಳಿಸಿತು. ಹುಷಾರಾಯಿತೆಂದು ಅವರು ಗುಳಿಗೆಯನ್ನು ಅರ್ಧಕ್ಕೇ ಬಿಟ್ಟಿದ್ದರಂತೆ. ನನ್ನ ಗಂಡ ಲಾರಿ ಹತ್ತಿ ಪುತ್ತೂರಿಗೆ ಹೋಗಿ ಡಾಕ್ಟರನ್ನು ಕಂಡು, ಈ ಸಲ ಎಲ್ಲವನ್ನೂ ನುಂಗಿಸಲೇಬೇಕೆಂದು ಅವರು ಹೇಳಿದ್ದನ್ನು ಕೇಳಿಕೊಂಡು, ಗುಳಿಗೆ ತಂದರು. ಆದರೆ ಚೇಡತ್ತಿಯ ಮನಸ್ಸಿನಲ್ಲಿ ಬೇರೆಯೇ ಲೆಕ್ಕ. ಕೊಟ್ಟ ಮಾತು ನಡೆಸಲಿಲ್ಲ, ಅದಕ್ಕೇ ಜ್ವರ ತಿರುಗಿ ಬಂತು ಎಂದು. ಅವರು ನಮ್ಮ ಹಿತ್ತಲಿಗೆ ಬಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಅಳತೆಯ ನೂಲನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು.

ಅತ್ತೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಅತ್ತೆ ಸಣ್ಣ ಪ್ರಾಯದಲ್ಲಿ ಗಂಡನನ್ನು ಕಳೆದುಕೊಂಡದ್ದು ಇಂಥದೇ ಜ್ವರದಲ್ಲಿ. ಅವರು ಆ ಮಾತನ್ನು ನಮ್ಮೆದುರು ಎತ್ತಿದವರೇ ಅಲ್ಲ. ಆ ದಿನವೂ ಎತ್ತಲಿಲ್ಲ. "ಅಲ್ಲಿ ಕೂತು ಎಂತ ಮಾಡುದು? ಒಳಗೆ ಬಾ. ಒಲೆ ಉರಿತಾ ಉಂಟು" ಎಂದರು, ಅಷ್ಟೆ.

ಚೇಡತ್ತಿ ನಮ್ಮ ಅಡುಗೆಮನೆಗೆ ಕಾಲಿಟ್ಟದ್ದು ಅಂದೇ ಮೊದಲು. ಅತ್ತೆ ಇಡೀ ಕತೆ ಕೇಳಿ, ಬಿದಿರಿನ ಹೋಳುಗಳನ್ನು ತಿರುಗಿಸಿ ನೋಡಿ, ಊರಿನಲ್ಲಿ ನೀನು ನೋಡಿದ್ದು ಹೀಗೆಯಾ ಎಂದು ವಿಚಾರಿಸಿದರು. ಚೇಡತ್ತಿ ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು. ಇಗರ್ಜಿಯ ಹಿಂದಿನ ಕೋಣೆ... ಮುದುಕರೊಬ್ಬರು... ಮೇಲಿನಿಂದ ನೇತು ಬಿಟ್ಟ ನೂಲುಗಳು. ಅಚ್ಚು ಇರಲೇ ಇಲ್ಲ. ಮುದುಕರು ಸೌಟಿನಲ್ಲಿ ಮೇಣ ಹೊಯ್ಯುತ್ತಿದ್ದರು. ಅಷ್ಟು ದಿನ ನೆನಪಾಗದ್ದು ಆಗ ಬಂತು.

ನಮ್ಮ ಹೋಟೆಲಿನ ಅಡುಗೆಮನೆಗೆ ಎತ್ತರದ ಮಾಡು. ಬತ್ತಿಯನ್ನು ಮೇಣದಲ್ಲಿ ಅದ್ದಿ ತೆಗೆದು ಜಂತಿಯಿಂದ ಇಳಿಬಿಟ್ಟು, ಕೆಳಗೆ ಒಂದು ಕಲ್ಲು ಕಟ್ಟಿದೆವು. ಮೇಣ ಹೊತ್ತದಂತೆ ಪಾತ್ರೆಯನ್ನು ಬಿಸಿನೀರಿನ ಅಗಲ ಬಾಯಿಯ ಉರುಳಿ ಪಾತ್ರೆಯೊಳಗೆ ಇಟ್ಟೆವು. ಚೇಡತ್ತಿ ಸ್ಟೂಲು ಹತ್ತಿ ನಿಂತು ಮೇಲಿನಿಂದ ಸೌಟಿನಲ್ಲಿ ಹೊಯ್ಯುವುದು, ಅತ್ತೆ ಕೆಳಗಿನಿಂದ ಬತ್ತಿಯನ್ನು ಮೆಲ್ಲ ತಿರುಗಿಸುವುದು, ತೊಟ್ಟಿಕ್ಕಿದ್ದನ್ನು ನಾನು ತಟ್ಟೆಯಲ್ಲಿ ಹಿಡಿದು ಪಾತ್ರೆಗೆ ಸುರಿಯುವುದು. ಮೊದಲು ಕಿಟಕಿ ತೆರೆದಿತ್ತು. ಗಾಳಿ ತಾಗಿ ಒಂದು ಪದರ ಇನ್ನೊಂದಕ್ಕೆ ಹಿಡಿಯದೆ ನೀರುಳ್ಳಿ ಸಿಪ್ಪೆಯ ಹಾಗೆ ಎದ್ದುಬಂತು. ಕಿಟಕಿ ಮುಚ್ಚಿ ಮತ್ತೆ ಹೊಯ್ದೆವು. ಸೆಖೆಯಲ್ಲಿ ಮೂವರೂ ಬೆವರಿ ತೊಪ್ಪೆಯಾದೆವು. ಹೊರಗೆ ಒಬ್ಬ ಲಾರಿ ಡ್ರೈವರ್ ಚಾ ಕೇಳಿದ. ಇವತ್ತು ಚಾ ಇಲ್ಲ ಎಂದು ಅತ್ತೆ ಒಳಗಿನಿಂದಲೇ ಹೇಳಿದರು.

ಮೇಣ ಕಿರುಬೆರಳಿನಷ್ಟಾಯಿತು, ಹೆಬ್ಬೆರಳಿನಷ್ಟಾಯಿತು, ಅದಕ್ಕಿಂತಲೂ ದಪ್ಪವಾಯಿತು. ಬಿಸಿ ಇರುವಾಗಲೇ ಇಳಿಸಿ, ಗಿರಾಕಿಗಳು ಕೂರುವ ಉದ್ದದ ಬೆಂಚಿಗೆ ನೀರು ಬಳಿದು, ಅದರ ಮೇಲೆ ಒಂದು ಹಲಗೆಯಿಂದ ಉರುಳಿಸಿ ನೆಟ್ಟಗೆ ಮಾಡಿದೆವು. ಅತ್ತೆ ಅಂಗೈಯಿಂದ ಅದರ ಮೈ ಸವರಿದರು. ಬಿರುಕಿಲ್ಲ, ಪೊಳ್ಳಿಲ್ಲ. ಹೊಸ ಬೆಲ್ಲದ ಬಣ್ಣ.

ಮರುದಿನ ಚೇಡತ್ತಿಯ ಗಂಡನಿಗೆ ನಡುಕ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಗುಳಿಗೆಯಿಂದಲೋ ಹರಕೆಯಿಂದಲೋ ಎಂಬ ಚರ್ಚೆಗೆ ನಾವು ಯಾರೂ ಹೋಗಲಿಲ್ಲ. ಆದರೂ ಮುಗಿಯುವವರೆಗೆ ಗುಳಿಗೆ ನುಂಗಿಸುವ ಕೆಲಸವನ್ನು ಅತ್ತೆ ತಾವೇ ವಹಿಸಿಕೊಂಡರು. ದಿನಾ ಹೋಗಿ, ನಾಲಿಗೆ ಹೊರಗೆ ಹಾಕಿಸಿ ನೋಡಿ ಬರುತ್ತಿದ್ದರು.

ಅವರ ಇಗರ್ಜಿ ಎಂದರೆ ಆಗ ಒಂದು ಮುಳಿಹುಲ್ಲಿನ ಚಪ್ಪರ. ತಿಂಗಳಿಗೊಮ್ಮೆ ಪಾದ್ರಿಗಳು ಬರುತ್ತಿದ್ದರು. ಆ ಭಾನುವಾರ, ಬಿಸಿಲಿಗೆ ಮೇಣ ಬಾಗದಿರಲಿ ಎಂದು ಬೆಳಕು ಹರಿಯುತ್ತಲೇ ಹೊರಟೆವು. ಮೇಣದಬತ್ತಿಯನ್ನು ಬಿದಿರಿನ ಸಲಾಕೆಗೆ ಕಟ್ಟಿ ಚೇಡತ್ತಿಯ ಗಂಡ ತಾವೇ ಹೆಗಲ ಮೇಲೆ ಹೊತ್ತರು. ಜ್ವರದಿಂದ ಎದ್ದ ಮೈ, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಯಾರಿಗೂ ಕೊಡಲಿಲ್ಲ. ಚಪ್ಪರದಲ್ಲಿ ನಿಲ್ಲಿಸಿದಾಗ ನೋಡಿದರೆ ಮೇಣದಬತ್ತಿ ಅವರಿಗಿಂತ ಒಂದಿಷ್ಟು ಎತ್ತರ. ಮಲಗಿದ್ದಾಗ ಅಳೆದದ್ದಲ್ಲವೇ, ಎದ್ದು ನಿಂತಾಗ ಮನುಷ್ಯ ಅಷ್ಟು ಉದ್ದ ಇರುವುದಿಲ್ಲವೇನೋ. ಚೇಡತ್ತಿ ಬೆಂಕಿ ತಾಗಿಸಿದರು. ಸಿಡಿಯಲಿಲ್ಲ, ಹೊಗೆಯಾಡಲಿಲ್ಲ, ಮುಳುಗಲಿಲ್ಲ. ಉರಿ ಮೆಲ್ಲ ಮೇಲೆದ್ದು ನೆಟ್ಟಗೆ ನಿಂತಿತು. ಪಕ್ಕದಲ್ಲಿ ಅತ್ತೆ ದೀರ್ಘವಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಅವರು ಚಪ್ಪರದ ಹೊರಗೇ ನಿಲ್ಲುತ್ತೇನೆಂದು ಹೇಳಿ ಬಂದವರು. ಯಾವಾಗ ಒಳಗೆ ಬಂದರೋ ನಾನು ಗಮನಿಸಿರಲಿಲ್ಲ.

ಆಮೇಲೆ ಎಷ್ಟೋ ವರ್ಷ ನಾವು ನೆರೆಯವರಾಗಿದ್ದೆವು. ಅವರ ರಬ್ಬರು ಬೆಳೆಯಿತು, ಹೆಂಚಿನ ಮನೆಯಾಯಿತು. ಅತ್ತೆ ತೀರಿಕೊಂಡಾಗ ಚೇಡತ್ತಿ ಮನೆಯವಳ ಹಾಗೆ ನಿಂತು ಎಲ್ಲ ನೋಡಿಕೊಂಡರು. ಮತ್ತೆ ಹೋಟೆಲು ನಡೆಯದಾಗಿ ನಾವು ಪುತ್ತೂರಿಗೆ ಬಂದೆವು. ಹೋಗಿ ಬರುವುದು ಕಡಿಮೆಯಾಯಿತು. ಹೋಗಬೇಕು, ಹೋಗಬೇಕು ಅನ್ನುತ್ತಲೇ...

ಸುದ್ದಿ ಹೇಳಲು ಬಂದದ್ದು ಅವರ ಗಂಡನೇ. ತಲೆ ಪೂರಾ ಹಣ್ಣಾಗಿತ್ತು. ಮಗಳು ಕೈ ಹಿಡಿದು ಕರೆತಂದಿದ್ದಳು. "ಮೋಳೇ, ಅವಳು ಹೋದಳು. ಊಟ ಮಾಡಿ ಮಲಗಿದವಳು ಏಳಲಿಲ್ಲ" ಎಂದರು. ನಾನು ಚಾ ಮಾಡಿ ಕೊಟ್ಟೆ. ಅವರು ಕುಡಿದರು.

ಈಗ ಅವರೂ ಇಲ್ಲ. ಮಾರ್ಗ ಅಗಲವಾಗುವಾಗ ನಮ್ಮ ಹೋಟೆಲಿನ ಜಾಗವೂ ಹೋಯಿತು. ಬಸ್ಸಿನಲ್ಲಿ ಹೋಗುವಾಗ ಎಲ್ಲಿತ್ತೆಂದು ಗುರುತು ಸಿಗುವುದಿಲ್ಲ. ಚೇಡತ್ತಿ ಇಲ್ಲ ಎಂಬುದು ಒಂದೊಂದು ಸಂಜೆ ನನಗೆ ಹೊಸದಾಗಿ ತಿಳಿದ ಹಾಗಾಗುತ್ತದೆ. ಆದರೆ ಗಂಡನ ಹೆಣದ ಎದುರು ಕೂರುವ ದಿನಕ್ಕೆ ಅವರು ಅಷ್ಟು ಹೆದರಿದ್ದರಲ್ಲ, ಆ ದಿನವನ್ನು ಅವರು ಕಾಣಲೇ ಇಲ್ಲ. ಅದನ್ನು ನೆನೆಯುವಾಗ ನನಗೆ ಅಳು ಬರುವುದಿಲ್ಲ, ಮನಸ್ಸು ತಣ್ಣಗಾಗಿ ನಿದ್ದೆ ಬರುತ್ತದೆ.