ರಸಬಾಳೆ ತರಬಾರದ ಕೋಣೆ

ಹಣೆ ತುಂಬ ವಿಭೂತಿ ಬಳಿದುಕೊಂಡು ಬೆಳಗ್ಗೆ ಬೆಳಗ್ಗೆಯೇ ಬಿಯರ್ ಗ್ಲಾಸಿಗೆ ಮೂಗು ಇಳಿಸುವವರನ್ನು ನಾನು ಕಂಡಿದ್ದು ಒಬ್ಬರನ್ನೇ. ಅವರು ಹುಲ್ಲಹಳ್ಳಿಯ ಮಹದೇವಸ್ವಾಮಿ, ನಮಗೆಲ್ಲ ಸ್ವಾಮಣ್ಣ. ನಂಜನಗೂಡಿನಾಚೆ ನಾವು ಕೆಲಸ ಮಾಡುತ್ತಿದ್ದ ಬಿಯರ್ ಕಾರ್ಖಾನೆಯ ರುಚಿ ನೋಡುವ ಕೋಣೆಗೆ ಅವರೇ ಯಜಮಾನರು. ಅವರು ತಲೆಯಾಡಿಸದೆ ಒಂದು ಬಾಟಲಿಯೂ ಲಾರಿ ಹತ್ತುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಹನಿಯನ್ನೂ ಮುಟ್ಟುತ್ತಿರಲಿಲ್ಲ.

ಆ ಕೋಣೆಗೆ ಅವರದೊಂದು ಕಾನೂನು: ಒಳಗೆ ರಸಬಾಳೆ ತರಕೂಡದು. ನಮ್ಮ ಗೋಧಿ ಬಿಯರಿಗೂ ಮಾಗಿದ ಬಾಳೆಯದೇ ವಾಸನೆ. ಹಣ್ಣು ಒಳಗಿದ್ದರೆ ಗ್ಲಾಸಿನದು ಯಾವುದು, ಚೀಲದ್ದು ಯಾವುದು ತಿಳಿಯುವುದಿಲ್ಲ. ಬಾಗಿಲಲ್ಲೇ ಮೂಗರಳಿಸಿ, "ಯಾರ್ಲಾ ಅದು ಅಣ್ಣು ತಂದಿರೋನು? ಈಚೆಗೆ ನಡಿ" ಎಂದು ಗದರುತ್ತಿದ್ದರು.

ಬನ್ನೂರಿನಿಂದ ಹೋಗಿ ಕಾರ್ಖಾನೆಯ ಪ್ರಯೋಗಾಲಯಕ್ಕೆ ಸೇರಿದ ನನಗೆ ಬಿಯರ್ ಎಂದರೆ ವಾಕರಿಕೆ. "ಮನೇಲಿ ಏನ್ ಇಷ್ಟಪಟ್ಟು ತಿಂತೀಯವ್ವ?" ಎಂದು ಸ್ವಾಮಣ್ಣ ಕೇಳಿದರು. ಹಾಗಲಕಾಯಿ ಗೊಜ್ಜು ಎಂದೆ. ಗೋಧಿಯದು ಕೊಟ್ಟರು, ಸಪ್ಪೆ ಸಿಹಿ ಅನಿಸಿತು. ಕಪ್ಪನೆಯದು ಸೀದ ರೊಟ್ಟಿಯ ಹಾಗಿತ್ತು. ಕೊನೆಗೆ ಕಿತ್ತಳೆ ಸಿಪ್ಪೆಯ ವಾಸನೆಯ, ಚೆನ್ನಾಗಿ ಕಹಿಯಾದ ಒಂದನ್ನು ಕೊಟ್ಟರು. ಎರಡನೇ ಗುಟುಕಿಗೆ ಕೈ ತಾನಾಗಿಯೇ ಹೋಯಿತು. "ನೋಡ್ದಾ? ಎಲ್ಲಾರೂವೆ ಸ್ಟ್ರಾಂಗಾ ಲೈಟಾ ಅಂತ ಅಮಲು ಕೇಳ್ತಾರೆ. ನಾಲ್ಗೆನ ಯಾರೂ ಕೇಳಾಕಿಲ್ಲ" ಎಂದರು. ಆವತ್ತಿನಿಂದ ನನಗೆ ಅವರ ಮೇಲೆ ಪ್ರಾಣ.

ಒಮ್ಮೆ ಅವರು ಜ್ವರದಲ್ಲಿ ಮಲಗಿ ಎದ್ದು ಬಂದರು. ಆ ದಿನ ನನ್ನ ಚೀಲದಲ್ಲಿ ರಸಬಾಳೆ ಉಳಿದುಬಿಟ್ಟಿತ್ತು. ನೆನಪಾಗುವಷ್ಟರಲ್ಲಿ ಅವರ ಪಕ್ಕದಲ್ಲೇ ಕೂತಿದ್ದೆ. ಅವರು ಗದರಲಿಲ್ಲ. ನಾನೇ ಚೀಲ ತೆರೆದು ಹಣ್ಣು ತೋರಿಸಿದೆ.

"ಜ್ವರ ಬಂದಾಗ್ನಿಂದ ನಂಗೆ ವಾಸ್ನೆ ಗೊತ್ತಾಯ್ತಿಲ್ಲ ಕಣವ್ವ," ಎಂದರು ಮೆಲ್ಲಗೆ. "ಯಾರ್ಗೂ ಏಳ್ಬ್ಯಾಡ, ವಾಪಸ್ ಬತ್ತದೆ. ಇವತ್ತು ಮಾಲು ಕೆಟ್ಟಿದ್ರೆ ನನ್ ಕಾಲು ತುಳಿ, ಸಾಕು."

ನಾನು ಓಡಿ ಹಣ್ಣನ್ನು ಆಚೆ ಇಟ್ಟು ಬಂದೆ. ಹಿಂದೆಯೇ ಮ್ಯಾನೇಜರ್ ಬಂದರು. ಹೊರಗೆ ಲಾರಿಗಳು ಕಾಯುತ್ತಿದ್ದವು. ಸ್ವಾಮಣ್ಣ ಗ್ಲಾಸೆತ್ತಿ ಎಂದಿನಂತೆ ಕಣ್ಣು ಮುಚ್ಚಿದರು. ನನ್ನ ಗ್ಲಾಸಿನಲ್ಲಿ ಬಾಳೆಯ ವಾಸನೆಯ ಕೆಳಗೆ ಹುಳಿ ಮಜ್ಜಿಗೆ ನಾರುತ್ತಿತ್ತು. ಮೇಜಿನಡಿ ಅವರ ಕಾಲು ತುಳಿದೆ. ತುಳಿದವಳೇ, ಹಿರಿಯರಿಗೆ ಕಾಲು ತಾಗಿತಲ್ಲ, ಹುಟ್ಟಿದಂದಿನಿಂದ ಬಂದ ಅಭ್ಯಾಸ, ಬಗ್ಗಿ ಅವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡುಬಿಟ್ಟೆ.

"ಏನಮ್ಮ ಅದು?" ಎಂದರು ಮ್ಯಾನೇಜರ್. ಗೊತ್ತಿಲ್ಲದೆ ತಾಗಿರಬೇಕು ಎಂದು ಸ್ವಾಮಣ್ಣ ತೇಲಿಸಿಬಿಡಬಹುದಿತ್ತು. ಅವರು ಗ್ಲಾಸನ್ನು ಕೆಳಗಿಟ್ಟರು.

"ಮಾಲು ಕೆಟ್ಟದೆ ಸಾ. ಗೊತ್ತಾಗಿದ್ದು ಇವ್ಳಿಗೆ, ನಂಗಲ್ಲ. ನನ್ ಮೂಗು ಓಗದೆ. ನಾಳಿಂದ ಈ ಕುರ್ಚೀಲಿ ಇವ್ಳನ್ನೇ ಕೂರ್ಸಿ."

ಮಾರನೆಯ ದಿನದಿಂದ ಅವರು ಬರಲಿಲ್ಲ.

ಕೊನೆಯ ಸಲ ಹುಲ್ಲಹಳ್ಳಿಯ ಅವರ ಮನೆಗೆ ಹೋದಾಗ ರಸಬಾಳೆ ಒಯ್ದಿದ್ದೆ. ಒಂದನ್ನು ಮೂಗಿಗೆ ಹಿಡಿದು ತುಂಬ ಹೊತ್ತು ಕೂತರು.

"ವಾಸನೆ ಬಂತಾ ಅಣ್ಣ?"

ಇಲ್ಲವೆಂದು ತಲೆಯಾಡಿಸಿ ಹಣ್ಣನ್ನು ನನ್ನ ಕೈಗಿಟ್ಟರು. "ನೀನೇ ಏಳವ್ವ, ಏನ್ ಬತ್ತಾದೆ?"

ಜೇನು, ಒಂಚೂರು ಲವಂಗ, ತೊಟ್ಟಿನ ಹತ್ತಿರ ಹಸಿ ಎಂದೆ. ಕಣ್ಣು ಮುಚ್ಚಿ ಕೇಳಿದರು. ನನಗೆ ಅಳು ಬಂತು. ಹೊರಟಾಗ ಅವರ ಹೆಂಡತಿ ಎರಡು ಹಣ್ಣನ್ನು ನನ್ನ ಚೀಲಕ್ಕೆ ಹಾಕಲು ಬಂದರು. ಸ್ವಾಮಣ್ಣ ಕೈ ಅಡ್ಡ ಇಟ್ಟರು.

"ಬ್ಯಾಡ ಕಣೆ. ಅವ್ಳು ನಾಳೆ ಕೋಣೆಗೆ ಓಗ್ಬೇಕು."