ಮೆಂತ್ಯೆಯೋ ತಾಂಬ್ಡಿ ಭಾಜಿಯೋ

ಗೋವಾದ ಝುವಾರಿನಗರದ ನಮ್ಮ ಓಣಿಯಲ್ಲಿ ಜಮಾತಿನವರು ವರ್ಷಕ್ಕೊಮ್ಮೆ ರಕ್ತದಾನ ಶಿಬಿರ ಇಡುತ್ತಾರೆ. ಹೋದ ವರ್ಷ ನಾನೂ ಹೋಗಿ ಕುರ್ಚಿಯ ಮೇಲೆ ಕುಳಿತೆ. ಟೆಕ್ನಿಷಿಯನ್ ಹುಡುಗಿ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿಯನ್ನು ನೀಲಿ ದ್ರಾವಣವಿದ್ದ ಗಾಜಿನ ಬಾಟಲಿಗೆ ಬಿಟ್ಟಳು. ರಕ್ತ ಗಟ್ಟಿಯಿದ್ದರೆ ಹನಿ ತಳಕ್ಕೆ ಮುಳುಗಬೇಕಂತೆ. ನನ್ನದು ನಡುವೆಯೇ ನಿಂತು ಯೋಚನೆ ಮಾಡಿ, ಮೆಲ್ಲಗೆ ಮೇಲಕ್ಕೆ ಬಂತು. ಆಕೆ ಹಿಂದಿಯಲ್ಲಿ ನಯವಾಗಿಯೇ ಹೇಳಿದಳು, ನಿಮ್ಮ ರಕ್ತ ನಿಮಗೇ ಸಾಲದು, ಮೊದಲು ಮೈ ಸುಧಾರಿಸಿಕೊಳ್ಳಿ ಅಂತ.

ಸಾಂಕೋಲೆಯ ಕಾರ್ಖಾನೆ ಹುಡುಗರಿಗೆ ದಿನಾ ಬುಟ್ಟಿಗಟ್ಟಲೆ ಜೋಳದ ರೊಟ್ಟಿ ಬಡಿದು ಕಳಿಸುವವಳು ನಾನು. ನನ್ನ ಮೈಯಲ್ಲಿ ಕಸುವಿಲ್ಲವೆಂದು ಈವರೆಗೆ ಯಾರೂ ಅಂದಿರಲಿಲ್ಲ. ಸಿಟ್ಟು ಬಂತು. ಸಿಟ್ಟಿಗೆ ಬೇರೆ ಕಾರಣವೂ ಇತ್ತು. ಮಗಳು ಹುಟ್ಟಿದಾಗ ನನಗೆ ಭಾಳ ರಕ್ತ ಹೋಗಿ, ಬದುಕುವುದೇ ಕಷ್ಟವೆಂದಿದ್ದರು. ನನ್ನ ಗಂಡ ಆಗ ಮೊಲೆಂ ಘಾಟಿನಲ್ಲಿ ಕೆಟ್ಟು ನಿಂತ ತನ್ನ ಲಾರಿಯ ಹತ್ತಿರ ಇದ್ದ. ಬಳಗವೆಲ್ಲ ವಿಜಯಪುರದ ಕಡೆ. ಈ ಗೋವಾದಲ್ಲಿ ಯಾರೋ ಕೊಟ್ಟಿದ್ದ ರಕ್ತವನ್ನು ತಂದು ಏರಿಸಿ ನನ್ನನ್ನು ಉಳಿಸಿದರು. ಯಾರದೆಂದು ಕೇಳಿದೆ; ಹಾಗೆ ಹೇಳುವ ಪದ್ಧತಿ ಇಲ್ಲವೆಂದರು. ಒಬ್ಬರಿಂದ ಪಡೆದು ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಒಂದು ಸಲವಾದರೂ ನಾನು ರಕ್ತ ಕೊಡಲೇಬೇಕಿತ್ತು.

ಸುದ್ದಿ ನಮ್ಮ ಮನೆಯ ಮಾಲಕಿಗೆ ಮುಟ್ಟಿತು. ಪಕ್ಕದ ಮನೆಯಲ್ಲೇ ಇರುವ ಗೋವಾದ ಹಿರಿಯ ಹೆಂಗಸು. ನಾವು ವೈನಿ, ಅಂದರೆ ಅತ್ತಿಗೆ, ಅನ್ನುತ್ತೇವೆ. ಮರುದಿನವೇ ಒಂದು ಬಟ್ಟಲು ತಾಂಬ್ಡಿ ಭಾಜಿ ತಂದರು. ಅದು ನಮ್ಮ ಕಡೆಯ ರಾಜಗಿರಿಯೇ, ಆದರೆ ಕೆಂಪು ಬಣ್ಣದ್ದು. ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಮೇಲೆ ಕೊಬ್ಬರಿ ತುರಿ. ಅನ್ನಕ್ಕೆ ಕಲಸಿದರೆ ಅನ್ನವೂ ಕೆಂಪು. ಇಷ್ಟು ಕೆಂಪಾದದ್ದು ಮೈಗೆ ಹೋದರೆ ರಕ್ತವಾಗದೆ ಇನ್ನೇನಾದೀತು ಎಂಬುದು ವೈನಿಯ ವಾದ.

ನಾನು ಬಿಟ್ಟೇನೆಯೇ? ಬಣ್ಣ ನೋಡಿ ರಕ್ತ ಬರುವುದಾದರೆ ಕುಂಕುಮ ತಿನ್ನಬಹುದಲ್ಲ ಎಂದೆ. ಹೊಲದಿಂದ ಕಿತ್ತ ಮೆಂತ್ಯೆಯನ್ನು ತೊಳೆದು, ರೊಟ್ಟಿಯ ಜೊತೆ ಹಸಿಯಾಗಿಯೇ ಕಡಿದು ತಿನ್ನುವ ನಮ್ಮ ಮಂದಿಯ ಗಟ್ಟಿತನದ ಮುಂದೆ ನಿಮ್ಮ ಕೊಬ್ಬರಿ ಪಲ್ಯೆ ಎಲ್ಲಿ ಎಂದೆ. ವೈನಿ ಮೂಗು ಮುರಿದರು. ಹಸಿ ಸೊಪ್ಪು ತಿನ್ನುವುದು ದನದ ಕೆಲಸವಂತೆ. ಹಾಗಾದರೆ ಅದಕ್ಕೇ ದನ ಗಟ್ಟಿ ಇರುತ್ತದೆ ಎಂದು ನಾನು ಬಾಯಿ ಮುಚ್ಚಿಸಿದೆ.

ಆದರೂ ಹಟಕ್ಕೆ ಎರಡನ್ನೂ ತಿನ್ನತೊಡಗಿದೆ. ಅವರ ಬಟ್ಟಲು ಬರುವುದು, ನಾನು ಮೆಂತ್ಯೆ ಸೂಡು ಬಿಚ್ಚುವುದು, ಇಬ್ಬರೂ ನನ್ನ ಹೊಸ್ತಿಲಲ್ಲಿ ಕೂತು ಉಣ್ಣುವುದು. ಕೈ ತೊಳೆಯುವ ಮೊದಲೇ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ನಮ್ಮಲ್ಲಿ ಊಟ ಆಯಿತೆಂದರೆ ಚಹಾ ಆಗಬೇಕು. ಬೆಳಿಗ್ಗೆಯಂತೂ ಕಟಕ್ ರೊಟ್ಟಿಯನ್ನೇ ಚಹಾದಲ್ಲಿ ಮುರಿದು ಹಾಕಿಕೊಳ್ಳುತ್ತೇವೆ. ಯಾವ ಸೊಪ್ಪಿನಲ್ಲಿ ಕಬ್ಬಿಣ ಹೆಚ್ಚೆಂಬ ನಮ್ಮ ಜಗಳ ಲೋಟ ಖಾಲಿಯಾಗುವ ತನಕ ನಡೆಯುತ್ತಿತ್ತು. ಕೆಲವು ವಾರಗಳಾದ ಮೇಲೆ ಆರೋಗ್ಯ ಕೇಂದ್ರದಲ್ಲಿ ರಕ್ತ ತೋರಿಸಿದೆ. ಮೊದಲಿನಷ್ಟೇ ಇತ್ತು. ನನಗೆ ಅಳುವೇ ಬಂತು.

ಜೊತೆಗೆ ಬಂದಿದ್ದ ವೈನಿ, ನ್ಯಾಯ ಇವತ್ತೇ ತೀರಲಿ ಎಂದು ಅಲ್ಲಿನ ಸಿಸ್ಟರ್ ಮುಂದೆ ನಮ್ಮ ತಕರಾರು ಇಟ್ಟರು. ಸಿಸ್ಟರ್ ಧಾರವಾಡದ ಕಡೆಯವರು. ನಗುತ್ತ ನನಗೆ ಹೇಳಿದರು: "ಎರಡೂ ಚಲೋ ಅದಾವ್ರಿ. ಕೆಂಪು ರಾಜಗಿರ್ಯಾಗ ಕಬ್ಬಿಣ ತುಸು ಹೆಚ್ಚ, ಖರೇ. ಆದ್ರ ಅದು ಕೆಂಪಿರೂದು ಕಬ್ಬಿಣದಿಂದಲ್ಲ. ಮತ್ತ ಬೇಯಿಸಿದ್ರ ಸಿ ಜೀವಸತ್ವ ಭಾಳ ಹೋಗತೈತಿ. ಮೆಂತ್ಯೆ ನೀವು ಹಸೀದ ತಿಂತೀರಿ, ಅದರಾಗ ಉಳೀತೈತಿ. ಆ ಜೀವಸತ್ವ ಇದ್ರ ಕಬ್ಬಿಣ ಮೈಗೆ ಹತ್ತೂದು ಸಸಾರ."

ಅರ್ಧ ಗೆಲುವು ನನಗೆ, ಅರ್ಧ ವೈನಿಗೆ. ಇಬ್ಬರಿಗೂ ಸಮಾಧಾನವಾಗಲಿಲ್ಲ. ಆಗ ಸಿಸ್ಟರ್, ಉಂಡ ಮೇಲೆ ಏನು ಕುಡಿಯುತ್ತೀರಿ ಎಂದು ಕೇಳಿದರು. ಚಹಾ ಎಂದೆ, ಅದರಲ್ಲೇನು ಕೇಳುವುದು ಎಂಬಂತೆ.

"ಅಲ್ಲೇ ನೋಡ್ರಿ ಕೆಟ್ಟದ್ದು. ಊಟದ ಜೋಡಿ ಚಹಾ ಕುಡದ್ರ ಪಲ್ಯೆದಾಗಿನ ಕಬ್ಬಿಣ ಸರಿಯಾಗಿ ಮೈಗೆ ಹತ್ತಂಗಿಲ್ಲ."

ಗುಳಿಗೆ ಕೊಟ್ಟರು, ಎರಡೂ ಪಲ್ಯೆಗೆ ಲಿಂಬಿಹಣ್ಣು ಹಿಂಡಿಕೊಳ್ಳಲು ಹೇಳಿದರು, ಚಹಾವನ್ನು ಊಟದಿಂದ ದೂರ ಇಡಲು ಹೇಳಿದರು. ಗುಳಿಗೆ ನುಂಗುವುದು ಏನೂ ಅಲ್ಲ. ಚಹಾ ಬಿಡುವುದಿದೆಯಲ್ಲ, ಅದು ನನ್ನ ಜೀವ ಹಿಂಡಿತು. ಓಣಿಯ ಪ್ರತಿ ಮನೆಯಿಂದ ಶುಂಠಿ ವಾಸನೆ ಬರುವಾಗ ನಾನು ಬಾಯಿ ಬಿಗಿದು ರೊಟ್ಟಿ ಬಡಿಯುತ್ತಿದ್ದೆ. ಗಂಡ ಎದುರಿಗೇ ಸುರ್ ಎಂದು ಕುಡಿಯುತ್ತಿದ್ದ. ಹೊರಗೆ ಹೋಗಿ ಕುಡಿ ಎಂದು ಅಟ್ಟಿದೆ. ವೈನಿ ಮಾತ್ರ ನನ್ನ ಸಲುವಾಗಿ ತಾವೂ ಊಟದ ಚಹಾ ಬಿಟ್ಟರು. ಅವರ ವಯಸ್ಸಿಗೆ ಯಾವ ಶಿಬಿರದವರೂ ರಕ್ತ ಕೇಳುವುದಿಲ್ಲ, ಬಿಡುವ ಅಗತ್ಯ ಅವರಿಗೆ ಇರಲಿಲ್ಲ. ಆ ಹೆಂಗಸಿನ ಮೇಲೆ ನನಗೆ ಎಷ್ಟು ಪ್ರೀತಿ ಎಂಬುದು ಅವತ್ತು ನನಗೇ ತಿಳಿಯಿತು.

ಈ ವರ್ಷದ ಶಿಬಿರಕ್ಕೆ ಇಸ್ತ್ರಿ ಮಾಡಿದ ದುಪಟ್ಟಾ ಹೊದ್ದು ಹೋದೆ. ಅದೇ ನೀಲಿ ಬಾಟಲಿ. ಹನಿ ಬಿತ್ತು, ಒಂದು ಕ್ಷಣವೂ ತಡೆಯದೆ ತಳಕ್ಕೆ ಇಳಿಯಿತು. ಮೀಸೆ ಇದ್ದಿದ್ದರೆ ಅಲ್ಲೇ ತಿರುವುತ್ತಿದ್ದೆ.

ಮಂಚದ ಮೇಲೆ ಮಲಗಿಸಿ ತೋಳಿಗೆ ಸೂಜಿ ಹಾಕಿದರು. ಕೆಳಗಿನ ಚೀಲ ನಿಧಾನಕ್ಕೆ ತುಂಬಿ ಉಬ್ಬುತ್ತಿತ್ತು. ವೈನಿ ನನ್ನ ಚಪ್ಪಲಿ ಕಾಯುವ ನೆಪದಲ್ಲಿ ಪಕ್ಕದಲ್ಲೇ ನಿಂತಿದ್ದರು. ಸಾಲಿನಲ್ಲಿದ್ದ ಯಾರೋ ಗೋವಾದ ಹೆಂಗಸು, ಈ ಹೊರಗಿನವಳು ನಿಮಗೇನಾಗಬೇಕು ಎಂದು ಅವರನ್ನು ಕೇಳಿದಳು. ತಾಂಬ್ಡಿ ಭಾಜಿಯ ಕೀರ್ತಿ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ, ಈಗ ಶುರು ಮಾಡುತ್ತಾರೆ ಎಂದುಕೊಂಡು ನಾನು ಉತ್ತರ ಸಿದ್ಧಮಾಡಿಕೊಂಡೆ. ವೈನಿ ಪಲ್ಯೆಯ ಮಾತೇ ಎತ್ತಲಿಲ್ಲ. ತುಂಬುತ್ತಿದ್ದ ಚೀಲದ ಕಡೆ ಕೈ ತೋರಿಸಿ, "ತೆಂ ಆಮ್ಚೆಂ ರಗತ್" ಎಂದರು. ಅದು ನಮ್ಮ ರಕ್ತ.

ಚೀಲ ಬೇಗ ತುಂಬಲೆಂದು ಮುಷ್ಟಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು, ಬಿಟ್ಟು, ಮತ್ತೆ ಹಿಡಿದೆ.